ಫ್ಲೋರೈಡ್ ನೀರಿಗೆ ಏಳು ವರ್ಷ ಆರ್‌ಒ ಬಳಸಿದ ಅನುಭವ

ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಬೋರ್‌ವೆಲ್ 720 ಅಡಿ ಆಳ. ನೀರು ನೋಡಲು ತಿಳಿಯಾಗಿದೆ, ವಾಸನೆಯೂ ಇಲ್ಲ. ತೊಗರಿಬೇಳೆ ಮಾತ್ರ ಎಷ್ಟು ವಿಸಿಲ್ ಕೂಗಿಸಿದರೂ ಸರಿಯಾಗಿ ಬೇಯುವುದಿಲ್ಲ. 2018ರಲ್ಲಿ ಮಗಳಿಗೆ ಹೊಸ ಹಲ್ಲು ಬಂದಾಗ ಅದರ ಮೇಲೆ ಸುಣ್ಣ ಬಳಿದಂಥ ಪಟ್ಟೆಗಳು ಕಂಡವು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲು ಹೀಗಾಗುತ್ತದೆ. ನೀರನ್ನು ತುಮಕೂರಿನ ಲ್ಯಾಬಿಗೆ ಕೊಟ್ಟೆವು. ಫ್ಲೋರೈಡ್ ಲೀಟರಿಗೆ 3.6 ಮಿಲಿಗ್ರಾಂ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 940. ಭಾರತದ ಐಎಸ್ 10500 ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ನಾವು ಅದರ ಎರಡು ಪಟ್ಟಿಗೂ ಹೆಚ್ಚು ಕುಡಿಯುತ್ತಿದ್ದೆವು. ಅಮ್ಮ ಅಷ್ಟು ವರ್ಷ ನೀರು ಕುದಿಸಿಯೇ ಕೊಡುತ್ತಿದ್ದರು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಅದೇ ತಿಂಗಳು 14,500 ರೂಪಾಯಿಗೆ, ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆರ್‌ಒ ಯಂತ್ರ ಹಾಕಿಸಿದೆವು. ಮೊದಲ ವರ್ಷದ ಪರೀಕ್ಷೆಯಲ್ಲಿ ಫ್ಲೋರೈಡ್ 0.3, ಟಿಡಿಎಸ್ 60. ಯಂತ್ರದ ಬಗ್ಗೆ ನನಗೆ ನಂಬಿಕೆ ಬಂದದ್ದು ಆ ಕಾಗದ ನೋಡಿ.

ನಾನು ಇದನ್ನು ಬರೆಯಲು ಕೂತದ್ದು ಮುಂದೆ ಆದದ್ದಕ್ಕಾಗಿ. 2020ರ ಆಗಸ್ಟಿನಲ್ಲಿ ಸರ್ವಿಸ್‌ಗೆ ಬಂದ ಹುಡುಗನಿಗೆ ಅಮ್ಮ, 'ನೀರು ಸಪ್ಪೆ ಕಣಪ್ಪ' ಎಂದರು. ಆತ ಯಂತ್ರದ ಹಿಂಭಾಗದಲ್ಲಿದ್ದ ಕಡಲೆಕಾಳಿನಷ್ಟು ದಪ್ಪದ ತಿರುಪನ್ನು ಎರಡು ಸುತ್ತು ತಿರುಗಿಸಿ, ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ, '350 ಬಂತು, ಈಗ ಮಿನರಲ್ ಸರಿಯಾಯ್ತು' ಎಂದು ಹೋದ. ನೀರು ನಿಜಕ್ಕೂ ರುಚಿಯಾಯಿತು. ಹತ್ತು ತಿಂಗಳಾದ ಮೇಲೆ ಲ್ಯಾಬಿನ ವರದಿ ಬಂತು: ಫ್ಲೋರೈಡ್ 1.4. ಮೆಂಬ್ರೇನ್, ಅಂದರೆ ಆ ಸೋಸುವ ಪೊರೆ, ಕೆಟ್ಟಿರಬೇಕು ಎಂದುಕೊಂಡೆ. ಕೆಟ್ಟಿರಲಿಲ್ಲ. ಆ ತಿರುಪು ಟಿಡಿಎಸ್ ಕಂಟ್ರೋಲರ್. ಅದನ್ನು ತೆರೆದರೆ ಬೋರಿನ ನೀರಿನ ಒಂದು ಪಾಲು ಮೆಂಬ್ರೇನ್ ದಾಟದೆ ನೇರವಾಗಿ ಬಂದು ಶುದ್ಧ ನೀರಿಗೆ ಬೆರೆಯುತ್ತದೆ. ರುಚಿಯ ಜೊತೆ ಫ್ಲೋರೈಡೂ ವಾಪಸ್ ಬಂದಿತ್ತು. ಆಗ ಮಗನಿಗೆ ಐದು ವರ್ಷ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ವಯಸ್ಸು. ಆ ಹತ್ತು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಉಪ್ಪು ಒಟ್ಟು ಎಷ್ಟಿದೆ ಎಂದು ಅಂದಾಜು ಹೇಳುತ್ತದೆ. ಯಾವುದು ಎಂದು ಹೇಳುವುದಿಲ್ಲ. ನಮ್ಮ ಕಡೆ ಗ್ರಾನೈಟ್, ಗ್ನೈಸ್ ಬಂಡೆ. ಆಳದ ನೀರು ಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. 300 ಟಿಡಿಎಸ್ ಇರುವ ನೀರಲ್ಲೂ ಅದು ಮಿತಿ ಮೀರಿರಬಹುದು. ಬೆಳಕಿನಿಂದ ಕ್ರಿಮಿ ಕೊಲ್ಲುವ ಬರೀ ಯುವಿ ಯಂತ್ರವೂ ಕ್ಯಾಂಡಲ್ ಫಿಲ್ಟರೂ ಇದಕ್ಕೆ ಪ್ರಯೋಜನಕ್ಕಿಲ್ಲ.

ಇನ್ನೊಂದು ತಪ್ಪು ನಮ್ಮದೇ. ಮೊದಲೆರಡು ವರ್ಷ ಆರ್‌ಒ ನೀರು ಕುಡಿಯಲು ಮಾತ್ರ, ಅಡುಗೆಗೆ ಬೋರಿನ ನೀರು. ಅನ್ನ, ಸಾರು, ಮುದ್ದೆ, ಎಲ್ಲದರಲ್ಲೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಿತ್ತು. ಈಗ ಅಡುಗೆಗೂ ಅದೇ ನೀರು, ಬೇಳೆಯೂ ಬೆಣ್ಣೆಯಂತೆ ಬೇಯುತ್ತದೆ.

ಖರ್ಚು ಕಡಿಮೆಯೇನಲ್ಲ. ಮೊದಲ ಫಿಲ್ಟರ್ ಆರು ತಿಂಗಳಿಗೇ ಬದಲಿಸಬೇಕು. ಏಳು ವರ್ಷದಲ್ಲಿ ಮೂರು ಮೆಂಬ್ರೇನ್ ಆಯಿತು, ಒಂದಕ್ಕೆ 2,200 ರೂಪಾಯಿ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಗುತ್ತದೆ. ನೀರಿಗೆ ಪರದಾಡುವ ಊರಲ್ಲಿ ಇದು ನನಗೆ ಒಪ್ಪಿಗೆಯಾಗದ ಮಾತು. ಆ ನೀರನ್ನು ಡ್ರಮ್ಮಿಗೆ ಹಿಡಿದು ಪಾತ್ರೆ ತೊಳೆಯಲು, ಪಾಯಖಾನೆಗೆ ಬಳಸುತ್ತೇವೆ. ಹಸುಗಳಿಗೆ ಕುಡಿಸುವುದಿಲ್ಲ, ಬೋರಿನ ನೀರಿಗಿಂತಲೂ ಅದರಲ್ಲಿ ಫ್ಲೋರೈಡ್ ಹೆಚ್ಚು.

ಐದಕ್ಕೆ ನಾಲ್ಕು ಅಂಕ ಯಂತ್ರಕ್ಕೆ, ಒಂದು ಸರ್ವಿಸ್‌ಗೆ. ಫ್ಲೋರೈಡ್ ಇರುವ ಊರಿನವರು ಕೊಳ್ಳುವಾಗ ಕಂಟ್ರೋಲರ್ ಇಲ್ಲದ್ದನ್ನೇ ಕೇಳಿ, ಇದ್ದರೆ ನಿಮ್ಮ ಕಣ್ಣೆದುರೇ ಪೂರ್ತಿ ಮುಚ್ಚಿಸಿ. ವರ್ಷಕ್ಕೊಮ್ಮೆ ಯಂತ್ರದ ನೀರನ್ನೂ ಪರೀಕ್ಷೆಗೆ ಕೊಡಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ.

ನಮ್ಮ ತಿರುಪಿನ ಮೇಲೆ ಎಂ-ಸೀಲ್ ಮೆತ್ತಿದ್ದೇನೆ. ಈ ಮಾರ್ಚಿನ ವರದಿಯಲ್ಲಿ ಫ್ಲೋರೈಡ್ 0.4 ಇದೆ.