ಕಾರವಾರದ ಸಂತೆಗೆ ಬರುವ ಬೆಳಗಾವಿಯ ಹೊಸ ಬಟಾಟೆ

ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಾವಿ ಕಡೆಯಿಂದ ಕಾರವಾರದ ಭಾನುವಾರದ ಸಂತೆಗೆ ಬರುವ ಹೊಸ ಬಟಾಟೆ, ವರ್ಷವಿಡೀ ಅಂಗಡಿಗಳಲ್ಲಿ ಸಿಗುವ ಶೀತಲಗೃಹದ ಮಾಲಿಗಿಂತ ನಿಸ್ಸಂದೇಹವಾಗಿ ಮೇಲು. ಮುಂಗಾರು ಮಳೆಯನ್ನೇ ನೆಚ್ಚಿ ಜೂನ್ ಸುಮಾರಿಗೆ ಬಿತ್ತಿ, ಮನೆಮಂದಿಯೆಲ್ಲ ಸೇರಿ ಬುಡಕ್ಕೆ ಮಣ್ಣು ಏರಿಸಿ, ಮೋಡ ಕವಿದ ತಂಪು ದಿನಗಳಲ್ಲಿ ಹಬ್ಬುವ ಅಂಗಮಾರಿ ರೋಗದಿಂದ ಉಳಿಸಿಕೊಂಡು, ಮೂರು-ಮೂರೂವರೆ ತಿಂಗಳಲ್ಲಿ ಅಗೆದು ತೆಗೆಯುವ ಸಣ್ಣ ಹಿಡುವಳಿದಾರರ ಬೆಳೆ ಇದು. ಗಡ್ಡೆಗೆ ಕೆಮ್ಮಣ್ಣು ಅಂಟಿಕೊಂಡೇ ಇರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ತೆಳ್ಳಗೆ ಸುಲಿದು ಬರುತ್ತದೆ.

ಹುರಿಯುವಾಗ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಬಹಳ ತಂಪಿನಲ್ಲಿ ದಾಸ್ತಾನು ಮಾಡಿದ ಗಡ್ಡೆಯಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದರಿಂದ ಅದರ ಹೋಳುಗಳು ಎಣ್ಣೆಯಲ್ಲಿ ಬೇಗನೆ ಕಪ್ಪಾಗುತ್ತವೆ. ಹೊಸ ಬಟಾಟೆ ಮಾತ್ರ ಹದವಾದ ಹೊಂಬಣ್ಣಕ್ಕೆ ತಿರುಗುತ್ತದೆ. ತೆಂಗಿನಕಾಯಿ ಅರೆದು ಹಾಕಿದ ಹುಳಿಯಲ್ಲಿ ಕುದಿದರೂ ಹೋಳು ಕರಗದೆ ಉಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಇದರ ನಿಜವಾದ ರುಚಿ ಇರುವುದು ಈ ಹುಳಿಯಲ್ಲಿಯೇ.

ದೂರು ಒಂದಿದೆ. ಕೆಲವು ವ್ಯಾಪಾರಿಗಳು ರಾಶಿಯ ಅಡಿಯಲ್ಲಿ ಹಸಿರು ಬಣ್ಣಕ್ಕೆ ತಿರುಗಿದ ಗಡ್ಡೆಗಳನ್ನು ಬೆರೆಸಿಡುತ್ತಾರೆ. ಬೆಳಕು ಬಿದ್ದು ಹಸಿರಾದ ಗಡ್ಡೆಯಲ್ಲಿ ಸೋಲನಿನ್ ಎಂಬ ವಿಷಕಾರಿ ಅಂಶ ಹೆಚ್ಚಿರಬಹುದಾದ್ದರಿಂದ ಅದನ್ನು ಆರಿಸಿ ಬದಿಗಿಡುವ ಹಕ್ಕು ಗ್ರಾಹಕರಿಗೆ ಇರಲೇಬೇಕು. ಸಿಪ್ಪೆ ಎಳೆಯದಾಗಿರುವ ಕಾರಣ ಈ ಬಟಾಟೆ ನಮ್ಮ ಕರಾವಳಿಯ ತೇವದಲ್ಲಿ ಹೆಚ್ಚು ದಿನ ತಾಳುವುದಿಲ್ಲ. ಚೀಲಗಟ್ಟಲೆ ಕೊಳ್ಳದೆ, ವಾರಕ್ಕೆ ಬೇಕಾದಷ್ಟನ್ನೇ ತಂದು, ತೊಳೆಯದೆ, ಗಾಳಿಯಾಡುವ ಕತ್ತಲೆಯ ಜಾಗದಲ್ಲಿ ಹರಡಿಡಬೇಕು.