ಮಿಕ್ಸಿ, ಕುಕ್ಕರ್ ಇಲ್ಲಿಂದ ಒಯ್ಯೋದಾ, ಅಲ್ಲೇ ತಗೊಳೋದಾ?

ವಿದೇಶಕ್ಕೆ ಹೊರಟಿದ್ರೆ ಮೊದ್ಲು ಯಾವ ದೇಶ ಅಂತ ನೋಡ್ಕೊಳಿ. ಜರ್ಮನಿಗಾದ್ರೆ ಮಿಕ್ಸಿ ಧಾರಾಳವಾಗಿ ಒಯ್ರಿ, ಅಲ್ಲೂ ನಮ್ಮ ಥರಾನೇ 230 ವೋಲ್ಟ್, 50 ಹರ್ಟ್ಜ್, ಪ್ಲಗ್‌ಗೆ ಒಂದು ಗಟ್ಟಿ ಅಡಾಪ್ಟರ್ ಇದ್ರೆ ಸಾಕು. ಅಮೆರಿಕಾದಲ್ಲಿ 120 ವೋಲ್ಟ್, 60 ಹರ್ಟ್ಜ್, ನಮ್ಮ 750 ವ್ಯಾಟ್ ಮಿಕ್ಸಿ ಅಲ್ಲಿ ನೇರ ಹಾಕಿದ್ರೆ ಸರಿಯಾಗಿ ತಿರುಗಲ್ಲ, ಟ್ರಾನ್ಸ್‌ಫಾರ್ಮರ್ ಬೇಕು, ಅದು ಮಿಕ್ಸಿಗಿಂತ ಭಾರ. ಅಲ್ಲಿನ ಇಂಡಿಯನ್ ಅಂಗಡೀಲಿ ಅಲ್ಲಿನ ಕರೆಂಟಿಗೆ ಹೊಂದೋ 110 ವೋಲ್ಟ್ ಮಿಕ್ಸಿ ಸಿಗತ್ತೆ, ಅದೇ ವಾಸಿ.

ಕುಕ್ಕರ್ ಮಾತ್ರ ಎಲ್ಲಿಗೆ ಹೋದ್ರೂ ಬಿಡ್ಬೇಡಿ, ಕರೆಂಟ್ ತಾಪತ್ರಯನೇ ಇಲ್ವಲ್ಲ. ಆದ್ರೆ ಅಲ್ಯುಮಿನಿಯಂದು ಬೇಡ, ಬಾಡಿಗೆ ಮನೇಲಿ ಇಂಡಕ್ಷನ್ ಒಲೆ ಇದ್ರೆ ಬಿಸೀನೇ ಆಗಲ್ಲ, ಇಂಡಕ್ಷನ್ ತಳದ 3 ಲೀಟರ್ ಸ್ಟೀಲ್ ಕುಕ್ಕರ್ ತಗೊಳಿ, ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ನಾನು ಕುಕ್ಕರ್ ಒಳಗೆ ಅಮ್ಮ ಹುರಿದು ಕುಟ್ಟಿಕೊಟ್ಟ ಸಾರಿನ ಪುಡಿ, ಹುಳಿ ಪುಡಿ ಪ್ಯಾಕೆಟ್ ತುಂಬಿ, ಹೊರಗೆ ಅವರ ಹಳೇ ಕಾಟನ್ ಸೀರೆ ಸುತ್ತಿ ಇಟ್ಟಿದ್ದೆ, 23 ಕಿಲೋ ಸೂಟ್‌ಕೇಸಲ್ಲಿ ಒಂದಿಂಚೂ ಜಾಗ ವೇಸ್ಟ್ ಆಗ್ಲಿಲ್ಲ, ಬಿಚ್ಚಿದಾಗ ಆ ಸೀರೆಗೆಲ್ಲ ಇಂಗಿನ ವಾಸನೆ ಹತ್ತಿತ್ತು, ಒಗೆಯೋಕೆ ಮನಸ್ಸೇ ಬರ್ಲಿಲ್ಲ. ಯುರೋಪಿಗೆ ತುಪ್ಪ ಮಾತ್ರ ಒಯ್ಯಂಗಿಲ್ಲ, ಹಾಲಿನ ಪದಾರ್ಥಕ್ಕೆ ನಿಷೇಧ ಇದೆ, ಬೆಣ್ಣೆ ತಗೊಂಡು ಅಲ್ಲೇ ಕಾಯಿಸ್ಕೊಳಿ.