ತೋರಿಸಿದ್ದು 30 ಸೆಂಟ್ಸ್, ಅಳೆದಾಗ 18: ಒಂದು ದಾಖಲೆ ಪರಿಶೀಲನಾ ಸೇವೆಯ ವಿಮರ್ಶೆ

ದಕ್ಷಿಣ ಕನ್ನಡದ ಒಳನಾಡಿನಲ್ಲಿ, ಕನ್ವರ್ಷನ್ ಆದ (ಕೃಷಿಯೇತರ ಬಳಕೆಗೆ ಪರಿವರ್ತನೆಯಾದ) 10 ಸೆಂಟ್ಸ್ ಜಾಗದಲ್ಲಿ ನಮ್ಮ ಮನೆಯಿದೆ. ಅದರ ಹಿಂಬದಿಗೆ ತಾಗಿಕೊಂಡಿರುವ ಜಾಗ ಮಾರಾಟಕ್ಕಿದೆ ಎಂದು ತಿಳಿದಾಗ, ನಾಲ್ಕು ಹಲಸು, ಒಂದಿಷ್ಟು ಮಾವು, ಒಂದು ಮಲ್ಲಿಗೆ ಚಪ್ಪರ ಎಂಬ ನಮ್ಮ ಬಹುದಿನದ ಆಸೆಗೆ ದಾರಿಯಾಯಿತು. ಮಾರುವವರು ಅಗಳಿನ (ಗಡಿಯ ಕಂದಕದ) ಅಂಚಿನವರೆಗೆ ನಡೆಸಿಕೊಂಡು ಹೋಗಿ, ಇಷ್ಟೂ 30 ಸೆಂಟ್ಸ್ ಎಂದರು. ಮುಂಗಡ ಕೊಡುವ ಮೊದಲು ತಾಲೂಕು ಕೇಂದ್ರದ ವಕೀಲರ ಕಚೇರಿಯೊಂದಕ್ಕೆ ದಾಖಲೆ ಪರಿಶೀಲನೆಯ ಕೆಲಸವನ್ನು ಒಪ್ಪಿಸಿದೆವು. ಶುಲ್ಕ 8,000 ರೂಪಾಯಿ. ಲಿಖಿತ ಅಭಿಪ್ರಾಯ ಕೈಸೇರಿದ್ದು ಮೂರು ವಾರಗಳ ನಂತರ.

ಕಾಗದಪತ್ರಗಳನ್ನು ಓದುವ ವಿಷಯದಲ್ಲಿ ಈ ಕಚೇರಿಯನ್ನು ಮನಸಾರೆ ಮೆಚ್ಚುತ್ತೇನೆ. ಕೃಷಿಕರಲ್ಲದ ನಾವು ಕೃಷಿ ಜಮೀನು ಕೊಳ್ಳಬಹುದೇ ಎಂಬ ನಮ್ಮ ಮೊದಲ ಅನುಮಾನವನ್ನು, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ರದ್ದಾಗಿರುವುದನ್ನು ತೋರಿಸಿ ಅಲ್ಲಿಯೇ ಪರಿಹರಿಸಿದರು. ಜಾಗವು ಮೂಲತಃ ಡಿಕ್ಲರೇಶನ್‌ನಲ್ಲಿ ಬಂದದ್ದಾದ್ದರಿಂದ, ಅಂದರೆ ಗೇಣಿದಾರರು ಅರ್ಜಿ ಹಾಕಿ ಭೂಸುಧಾರಣೆಯಲ್ಲಿ ಪಡೆದದ್ದಾದ್ದರಿಂದ, ಭೂನ್ಯಾಯ ಮಂಡಳಿಯ ಆದೇಶದ ಪ್ರತಿಯನ್ನು ತರಿಸಿ, 15 ವರ್ಷಗಳ ಪರಭಾರೆ ನಿಷೇಧದ ಅವಧಿ ಎಂದೋ ಮುಗಿದಿದೆಯೆಂದು ಖಚಿತಪಡಿಸಿಕೊಂಡರು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾಡಿದ ಕ್ರಯವೇ ಅಸಿಂಧುವಾಗುತ್ತದೆಂದು ಹೇಳಿ, ಆ ತೊಡಕು ಇಲ್ಲಿ ಇಲ್ಲವೆಂಬುದನ್ನೂ ಬರೆದುಕೊಟ್ಟರು.

ಅವರ ನಿಜವಾದ ಕೌಶಲ ಕಂಡದ್ದು ಪಹಣಿಯನ್ನು ಓದಿದ ರೀತಿಯಲ್ಲಿ. 9ನೇ ಕಾಲಂನಲ್ಲಿ ಮಾರುವವರ ಹೆಸರೊಂದೇ ಇತ್ತು, 11ನೇ ಕಾಲಂನಲ್ಲಿ ಸಾಲದ ನಮೂದಿರಲಿಲ್ಲ, ಋಣಭಾರ ಪತ್ರವೂ ಸ್ವಚ್ಛವಾಗಿತ್ತು. ನಮ್ಮಂಥವರು ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳುತ್ತಿದ್ದೆವು. ವಕೀಲರು ಮಾತ್ರ 9ನೇ ಕಾಲಂನ ಹೆಸರಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದ 10ನೇ ಕಾಲಂನಲ್ಲಿದ್ದ ಪೌತಿ ಖಾತೆಯ (ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಬದಲಾದ ಖಾತೆಯ) ನಮೂದಿನ ಮೇಲೆ ಬೆರಳಿಟ್ಟು, ‘ಇವರಿಗೆ ಅಕ್ಕತಂಗಿಯರು ಎಷ್ಟು ಮಂದಿ?’ ಎಂದು ಕೇಳಿದರು. ಇಬ್ಬರಿದ್ದರು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಪಾಲಿತ್ತು. ಖಾತೆ ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಸಿಹೋಗುವುದಿಲ್ಲ, ಮತ್ತು ಆ ಹಕ್ಕು ಋಣಭಾರ ಪತ್ರದಲ್ಲಿ ಕಾಣಿಸುವುದೂ ಇಲ್ಲ. ಇಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಲೇಬೇಕೆಂದು ಕಚೇರಿ ಪಟ್ಟು ಹಿಡಿಯಿತು. ಕೊಟ್ಟ ಶುಲ್ಕ ಈ ಒಂದು ಪ್ರಶ್ನೆಗೇ ಸಾರ್ಥಕವಾಯಿತೆಂದು ಈಗಲೂ ಅನ್ನಿಸುತ್ತದೆ.

ಆದರೆ ಇದೇ ಕಚೇರಿ ಜಾಗವನ್ನು ಒಮ್ಮೆಯೂ ನೋಡಲಿಲ್ಲ. ಪಹಣಿಯಲ್ಲಿ ಮಾರುವವರಿಗೆ ಒಟ್ಟು 1 ಎಕರೆ 20 ಸೆಂಟ್ಸ್ ಇದ್ದುದರಿಂದ, ಅದರಲ್ಲಿ 30 ಸೆಂಟ್ಸ್ ಮಾರಲು ಅಡ್ಡಿಯಿಲ್ಲವೆಂದು ವರದಿ ಹೇಳಿತು. ಲೆಕ್ಕ ಸರಿಯೇ, ಆ 30 ಸೆಂಟ್ಸ್ ನೆಲದ ಮೇಲೆ ಎಲ್ಲಿದೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಜಮೀನಿನ ಒಂದು ಭಾಗವನ್ನಷ್ಟೇ ಕೊಳ್ಳುವಾಗ ನೋಂದಣಿಗೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೇ ನಕ್ಷೆ, ಬೇಕಾಗುತ್ತದೆ. ಅದಕ್ಕಾಗಿ ಬಂದ ಸರ್ವೇಯರ್ ಸರಪಳಿ ಹಿಡಿದು ಹೊರಟವರು ಅಗಳಿನವರೆಗೆ ಹೋಗಲೇ ಇಲ್ಲ. ಅರ್ಧದಾರಿಯಲ್ಲಿ, ತರಗೆಲೆಯಡಿ ಹುದುಗಿದ್ದ ಗಡಿಕಲ್ಲೊಂದನ್ನು ಕತ್ತಿಯಿಂದ ಕೆದಕಿ ತೋರಿಸಿ, ‘ವರ್ಗ ಜಾಗ ಇಲ್ಲಿಗೆ ಮುಗಿಯಿತು, ಆಚೆಯದು ಕುಮ್ಕಿ’ ಎಂದರು. ಕಲ್ಲಿನ ಈಚೆಗಿದ್ದದ್ದು 18 ಸೆಂಟ್ಸ್.

ನಮ್ಮ ಜಿಲ್ಲೆಯಲ್ಲಿ ತೋಟಕ್ಕೆಂದು ಜಾಗ ಕೊಳ್ಳುವವರು ಅತಿ ಹೆಚ್ಚು ಎಚ್ಚರದಿಂದಿರಬೇಕಾದದ್ದು ಇಲ್ಲಿಯೇ. ಕುಮ್ಕಿಯೆಂದರೆ ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಇರುವ ಸ್ವಂತ ಜಮೀನಿಗೆ, ಹೊಂದಿಕೊಂಡಿರುವ ಸರ್ಕಾರಿ ಭೂಮಿ. ಅಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟಿದೆಯೇ ಹೊರತು ಒಡೆತನವನ್ನು ಕೊಟ್ಟಿಲ್ಲ. ತಲೆಮಾರುಗಳಿಂದ ಬೇಲಿ ಹಾಕಿ ಅಡಿಕೆ ನೆಟ್ಟಿರುವುದರಿಂದ ಮಾರುವವರೂ ಅದನ್ನು ತಮ್ಮದೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾರೆ. ನಮಗೆ ಮಾರಿದವರೂ ಹಾಗೆಯೇ ನಂಬಿದ್ದರು. ಅದಕ್ಕೂ ಸೆಂಟ್ಸಿನ ಲೆಕ್ಕದಲ್ಲಿ ಹಣ ಕೊಟ್ಟು ನೋಂದಣಿ ಮಾಡಿಸಿಕೊಂಡರೂ, ಮಾರುವವರಿಗೇ ಇಲ್ಲದ ಒಡೆತನ ಕ್ರಯಪತ್ರದ ಬಲದಿಂದ ನಮಗೆ ಬರುವುದಿಲ್ಲ. ಇದನ್ನೆಲ್ಲ ವಕೀಲರು ಬಲ್ಲವರೇ ಆಗಿದ್ದರೂ ವರದಿಯಲ್ಲಿ ಒಂದು ಸಾಲಿನ ಎಚ್ಚರಿಕೆಯೂ ಇಲ್ಲದ್ದು ನನಗೆ ತೀವ್ರ ಬೇಸರ ತಂದಿತು.

ಜಾಗ ಯಾವ ಉಪಯೋಗಕ್ಕೆ ಎಂಬ ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ಹಣ್ಣಿನ ಗಿಡ ನೆಡಲು, ಬಾವಿ ತೋಡಲು, ಕೃಷಿಗೆ ಬೇಕಾದ ಕೊಟ್ಟಿಗೆ ಕಟ್ಟಲು ಕೃಷಿ ಜಮೀನಿನಲ್ಲಿ ತೊಂದರೆಯಿಲ್ಲ. ನಮಗೆ ತೋಟದ ನಡುವೆ ಅತಿಥಿಗಳಿಗೊಂದು ಕೋಣೆಯೂ ಬೇಕಿತ್ತು. ಅದಕ್ಕೆ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಭೂಪರಿವರ್ತನೆಯಾಗಬೇಕು. ಯೋಜನಾ ಪ್ರದೇಶದೊಳಗಿದ್ದರೆ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಜಾಗ ಯಾವ ವಲಯದಲ್ಲಿದೆ ಎಂಬುದನ್ನೂ ನೋಡಬೇಕು. ಮನೆ ಕನ್ವರ್ಷನ್ ಜಾಗದಲ್ಲಿದೆಯೆಂದು, ಬೇಲಿ ಕಿತ್ತು ಎರಡನ್ನೂ ಒಂದೇ ಅಂಗಳ ಮಾಡಿಕೊಂಡ ಮಾತ್ರಕ್ಕೆ ಹಿಂದಿನ ಜಾಗವೂ ಕನ್ವರ್ಷನ್ ಆದಂತಲ್ಲ. ಇದನ್ನು ನಾವು ತಿಳಿದದ್ದು ಪಂಚಾಯಿತಿ ಕಚೇರಿಯಲ್ಲಿ, ನೋಂದಣಿಗೆ ನಾಲ್ಕು ದಿನ ಉಳಿದಿರುವಾಗ. ಕೋಣೆಯ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಹಿಂಬದಿಯ ಮನೆಯವರು ತೋಡಿನ ಕಾಲುಸಂಕಕ್ಕೆ ಹೋಗುವ ದಾರಿ ಈ ಜಾಗದ ಮೂಲಕವೇ ಹಾದುಹೋಗುತ್ತಿದ್ದ ಸಂಗತಿಯೂ ಯಾವ ದಾಖಲೆಯಲ್ಲಿಯೂ ಇರಲಿಲ್ಲ. ಅವರೊಡನೆ ಮಾತಾಡಿ, ನಾಲ್ಕು ಅಡಿ ದಾರಿಯನ್ನು ಕ್ರಯಪತ್ರದಲ್ಲಿಯೇ ಬರೆಸಿದೆವು.

ಕೊನೆಗೆ 18 ಸೆಂಟ್ಸಿಗಷ್ಟೇ ಹಣ ಕೊಟ್ಟು, ಅಷ್ಟನ್ನೇ ನೋಂದಣಿ ಮಾಡಿಸಿಕೊಂಡೆವು. ಐದರಲ್ಲಿ ಈ ಕಚೇರಿಗೆ ಮೂರೂವರೆ ಅಂಕ ಕೊಡುತ್ತೇನೆ. ಹಕ್ಕಿನ ಮೂಲವನ್ನು ಶೋಧಿಸುವ ಕೆಲಸಕ್ಕೆ ಇವರಲ್ಲಿಗೇ ಹೋಗಬಹುದೆಂದು ಪರಿಚಯದವರಿಗೆ ಹೇಳುತ್ತಿದ್ದೇನೆ; ಅದರ ಜೊತೆಗೆ, ಅಭಿಪ್ರಾಯ ಬರೆಯುವ ಮೊದಲು ಸರ್ವೇಯರ್ ಅಳೆದ ನಕ್ಷೆಯನ್ನು ವಕೀಲರ ಮೇಜಿನ ಮೇಲಿಡಿ, ಆ ಜಾಗದಲ್ಲಿ ಏನೇನು ಮಾಡಬೇಕೆಂದಿದ್ದೀರೆಂಬುದನ್ನು ಬರೆದು ಕೊಡಿ ಎಂದೂ ಹೇಳುತ್ತೇನೆ.